ಕೈ ಅವರದು, ದನಿ ಬೇರೆಯವರದು

ನಮ್ಮ ನರ್ಸಿಂಗ್ ಕಾಲೇಜಿನ ಹದಿನೆಂಟು ಪಾಠದ ವಿಡಿಯೋಗಳಲ್ಲಿ ಅವರ ಮುಖ ಒಂದರಲ್ಲೂ ಇಲ್ಲ. ಮೊಣಕೈವರೆಗಿನ ಎರಡು ಕೈಗಳಿವೆ, ಅಷ್ಟೆ. ಆ ಕೈಗಳು ಹಾಸಿಗೆ ಹಾಸುತ್ತವೆ, ಗಾಯ ತೊಳೆಯುತ್ತವೆ, ಸೂಜಿ ಚುಚ್ಚುತ್ತವೆ, ಪಟ್ಟಿ ಸುತ್ತುತ್ತವೆ. ಹಿನ್ನೆಲೆಯಲ್ಲಿ ಒಂದು ಹೆಣ್ಣುದನಿ ಪುಸ್ತಕದ ಭಾಷೆಯಲ್ಲಿ ವಿವರಿಸುತ್ತಾ ಹೋಗುತ್ತದೆ. ಆ ದನಿ ಅವರದಲ್ಲ, ವೈಸ್ ಪ್ರಿನ್ಸಿಪಾಲರದು. ಕೊನೆಗೆ ಪರದೆಯ ಮೇಲೆ ಏಳು ಜನರ ಹೆಸರು ಬರುತ್ತದೆ. ಲೈಟು ಹಿಡಿದವನ ಹೆಸರೂ ಇದೆ, ಇವರದಿಲ್ಲ.

ಹೆಸರು ಹಾಕಲಿಲ್ಲ ಅಂತ ಅವರು ಒಂದು ದಿನವೂ ಮುನಿಸಿಕೊಂಡವರಲ್ಲ. ಅವರಿಗೆ ಕೋಪ ಬಂದದ್ದು ಬೇರೆ ಕಾರಣಕ್ಕೆ. ಆ ಕೋಪ ಇವತ್ತಿಗೂ ಇಳಿದಿಲ್ಲ. ಇಳಿಯಬಾರದು ಅಂತಲೇ ನನಗೂ ಅನ್ನಿಸುತ್ತದೆ.

ನಾನು ಅವರ ಕೈಕೆಳಗೆ ಕಲಿತವಳು. ಅವರನ್ನು ನಾವೆಲ್ಲ ಗಡಿಯಾರದ ಮೇಡಂ ಅಂತಿದ್ದೆವು. ಎದೆಯ ಮೇಲೆ ತಲೆಕೆಳಗಾಗಿ ಚುಚ್ಚಿಕೊಂಡ ಪುಟ್ಟ ಗಡಿಯಾರವೊಂದು ಅವರ ಯೂನಿಫಾರಂಗೇ ಹೊಲಿದ ಹಾಗೆ ಇರುತ್ತಿತ್ತು. ಹನ್ನೊಂದು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದವರು. ಒಮ್ಮೆ ದಪ್ಪ ಆಳೊಬ್ಬ ಮಂಚದಿಂದ ಜಾರಿದಾಗ ಒಬ್ಬರೇ ಹಿಡಿದು ನಿಲ್ಲಿಸಲು ಹೋಗಿ ಬೆನ್ನು ಕೆಡಿಸಿಕೊಂಡರು. ಆಮೇಲೆ ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದ್ದರಿಂದ ಅವರನ್ನು ಕಾಲೇಜಿನ ಸ್ಕಿಲ್ ಲ್ಯಾಬಿಗೆ ಹಾಕಿದರು. ಅಂದರೆ ಹುಡುಗಿಯರಿಗೆ ಕೈಕೆಲಸ ತೋರಿಸಿಕೊಡುವ ಡೆಮಾನ್‌ಸ್ಟ್ರೇಟರ್. ದೊಡ್ಡ ಡಿಗ್ರಿ ಇಲ್ಲದ್ದರಿಂದ ಲೆಕ್ಚರರ್ ಅಲ್ಲ. ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿಯಿತ್ತು, ಮೇಜಿರಲಿಲ್ಲ.

ಲ್ಯಾಬು ನೆಲಮಾಳಿಗೆಯಲ್ಲಿತ್ತು. ಉದ್ದನೆಯ ಕೋಣೆ, ಆರು ಮಂಚ, ಮೂಲೆಯಲ್ಲಿ ಎರಡು ತೊಟ್ಟಿ, ಗೋಡೆಗೆ ಒರಗಿಸಿದ ಗಾಲಿಕುರ್ಚಿ. ಮೊದಲ ಮಂಚದ ಮೇಲೆ ಆಳೆತ್ತರದ ರಬ್ಬರು ಬೊಂಬೆ. ಅದಕ್ಕೆ ನಾವಿಟ್ಟ ಹೆಸರು ಸೋದರಮಾವ. ಇಷ್ಟೊಂದು ಹುಡುಗಿಯರು ಇಷ್ಟೊಂದು ಸಲ ಚುಚ್ಚಿದರೂ ತುಟಿಪಿಟಕ್ಕೆನ್ನದೆ ಬಿದ್ದಿರುವವನು ಸೋದರಮಾವನಲ್ಲದೆ ಇನ್ಯಾರು ಅಂತ ನಮ್ಮ ವಾದ. ಮೇಡಂ ಕೂಡ ಹಾಜರಿ ಕರೆಯುವಾಗ, "ಮಾವ ಬಂದಿದ್ದಾರಾ? ಸರಿ, ಶುರು ಮಾಡೋಣ" ಅನ್ನುತ್ತಿದ್ದರು.

ಅವರು ಕಲಿಸುವ ರೀತಿಯೇ ಬೇರೆ. ಕಣ್ಣು ಮುಚ್ಚಿಸಿ ಒಬ್ಬರ ಕೈಯ ರಕ್ತನಾಳವನ್ನು ಇನ್ನೊಬ್ಬರು ಬೆರಳಲ್ಲಿ ಹುಡುಕಬೇಕು. ಸಿಕ್ಕಿದ್ದು ಎಲ್ಲಿ, ಎಷ್ಟು ಆಳ, ಎತ್ತ ತಿರುಗಿದೆ ಅಂತ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಬೇಕು. ಎದೆಗೆ ಸ್ಟೆತೋಸ್ಕೋಪು ಇಟ್ಟು ಕೇಳಿದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಮೂವತ್ತು ಹುಡುಗಿಯರು ಒಟ್ಟಿಗೆ ಲಬ್ ಡಬ್ ಅನ್ನುವಾಗ ಮೇಲಿನ ಮಹಡಿಯವರು ಇಣುಕಿ ನೋಡಿ ಹೋಗುತ್ತಿದ್ದರು. "ಕಿವಿಗೆ ಒಂದು ಸಲ, ಕಣ್ಣಿಗೆ ಒಂದು ಸಲ, ಕೈಗೆ ಹತ್ತು ಸಲ. ಆಮೇಲೆ ಬಾಯಿ ತೆಗೀರಿ" ಅನ್ನೋದು ಅವರ ಮಾತು.

ಸಾಮಾನ್ಯವಾಗಿ ನಮ್ಮನ್ನೆಲ್ಲ "ನೀನು, ಬಾರೇ, ಹೋಗೇ" ಅಂತಲೇ ಕರೆಯುತ್ತಿದ್ದರು. ಕೋಪ ಬಂದರೆ ಮಾತ್ರ ಮರ್ಯಾದೆ ಶುರುವಾಗುತ್ತಿತ್ತು. ಯಾವ ಹುಡುಗಿಗೆ "ಬನ್ನಿ, ಕೂತ್ಕೊಳ್ಳಿ, ನಿಧಾನವಾಗಿ ಹೇಳಿ" ಅಂದರೋ ಅವಳ ಕಥೆ ಮುಗಿಯಿತು ಅಂತ ಅರ್ಥ.

ನಾವು ಎರಡನೇ ವರ್ಷಕ್ಕೆ ಬಂದಾಗ ವೈಸ್ ಪ್ರಿನ್ಸಿಪಾಲರು ಎಲ್ಲೋ ಒಂದು ವಾರದ ತರಬೇತಿ ಮುಗಿಸಿ ಬಂದರು. ಬಂದವರೇ ಸಭೆ ಕರೆದರು. ಇನ್ನುಮುಂದೆ ಡಿಜಿಟಲ್ ಕಲಿಕೆ, ಬಹುಮಾಧ್ಯಮ ಕಲಿಕೆ. ಚಿತ್ರ, ದನಿ, ಅಕ್ಷರ ಮೂರೂ ಕೂಡಿದರೆ ವಿದ್ಯಾರ್ಥಿ ತನ್ನಷ್ಟಕ್ಕೆ ತಾನೇ ಸೃಜನಶೀಲವಾಗಿ ಕಲಿಯುತ್ತಾಳೆ ಅಂತ ಮುಕ್ಕಾಲು ಗಂಟೆ ಹೇಳಿದರು. ನಮಗೆಲ್ಲ ನಿದ್ದೆ ಬಂದಿತ್ತು. ಗಡಿಯಾರದ ಮೇಡಂ ಮಾತ್ರ ಹಿಂದಿನ ಸಾಲಿನಲ್ಲಿ ನೆಟ್ಟಗೆ ಕೂತು ಕೇಳಿದರು. ಆ ದಿನ ಲ್ಯಾಬಿನಲ್ಲಿ ಅವರ ಖುಷಿ ನೋಡಬೇಕಿತ್ತು.

"ಒಳ್ಳೇದಾಯ್ತು ಕಣ್ರೇ. ನನ್ನ ಕೈ ಒಂದು ಮಂಚದ ಹತ್ತಿರ ಇರೋವಾಗ ಆರನೇ ಮಂಚದವಳಿಗೆ ಏನೂ ಕಾಣಲ್ಲ. ಕ್ಯಾಮೆರಾ ಇದ್ರೆ ಎಲ್ಲರಿಗೂ ಕಾಣುತ್ತೆ. ಅರ್ಥ ಆಗದೇ ಇದ್ದವಳು ಮನೇಲಿ ಕೂತು ಇನ್ನೊಂದು ಸಲ ನೋಡಬಹುದು."

ಅವರು ವಿಡಿಯೋಗೆ ವಿರೋಧ, ಹಳೇ ಕಾಲದವರು ಅಂತ ಆಮೇಲೆ ಕಾಲೇಜಿನಲ್ಲಿ ಸುದ್ದಿ ಹಬ್ಬಿಸಿದರಲ್ಲ, ಅದಕ್ಕೇ ಇದನ್ನು ಮೊದಲು ಹೇಳಿಬಿಡುತ್ತಿದ್ದೇನೆ. ಶುದ್ಧ ಸುಳ್ಳು ಅದು.

ಚಿತ್ರೀಕರಣಕ್ಕೆ ಮದುವೆ ವಿಡಿಯೋ ಮಾಡುವ ಒಬ್ಬ ಕ್ಯಾಮೆರಾದವರನ್ನು ಕರೆಸಿದ್ದರು. ಐವತ್ತರ ಆಸುಪಾಸಿನ, ಮಾತು ಕಮ್ಮಿಯ ಮನುಷ್ಯ. ಮೇಡಂ ಮಾಡುತ್ತಾ ಮಾಡುತ್ತಾ ಮಾತಾಡತೊಡಗಿದಾಗ ವೈಸ್ ಪ್ರಿನ್ಸಿಪಾಲರು ತಡೆದರು.

"ನೀವು ಮಾತಾಡಬೇಡಿ. ನಿಮ್ಮದು ಸ್ವಲ್ಪ ಮನೆಮಾತಿನ ಥರ ಇದೆ. ಹೊರಗಿನವರು ನೋಡ್ತಾರೆ. ಧ್ವನಿ ನಾನು ಆಮೇಲೆ ಕೊಡ್ತೀನಿ."

"ಆಗಲಿ ಮೇಡಂ. ಆದ್ರೆ ಕೈ ಮಾಡೋದು ಬಾಯಿ ಹೇಳೋದು ಒಂದೇ ಸಮಕ್ಕೆ ಬರಬೇಕು."

"ಅದೆಲ್ಲ ಎಡಿಟಿಂಗಲ್ಲಿ ಸರಿಹೋಗುತ್ತೆ."

ನಾಲ್ಕು ದಿನ ಶೂಟಿಂಗ್ ನಡೆಯಿತು. ಬೆನ್ನುನೋವಿಗೆ ಬೆಲ್ಟು ಬಿಗಿದುಕೊಂಡು ಬೆಳಗ್ಗೆಯಿಂದ ಸಂಜೆವರೆಗೆ ಬಗ್ಗಿ ನಿಂತರು. ಎಲ್ಲೂ ಅವಸರ ಮಾಡಲಿಲ್ಲ. ಕೈ ತೊಳೆಯುವ ಪಾಠದಲ್ಲಿ ಪೂರ್ತಿ ಒಂದು ನಿಮಿಷ ತೊಳೆದರು. ಗಾಯಕ್ಕೆ ಔಷಧಿ ಹಚ್ಚಿ ಅದು ಆರುವವರೆಗೆ ಕೈ ಕಟ್ಟಿ ನಿಂತರು.

ಒಂದು ತಿಂಗಳಿಗೆ ವಿಡಿಯೋಗಳು ಬಂದವು. ಕಾಲೇಜಿನ ಹಜಾರದಲ್ಲಿ ದೊಡ್ಡ ಪರದೆ ಹಾಕಿ ತೋರಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಿಜ ಹೇಳಬೇಕೆಂದರೆ ನೋಡಲು ಸೊಗಸಾಗಿಯೇ ಇದ್ದವು. ಹಿನ್ನೆಲೆಯಲ್ಲಿ ಮೆಲ್ಲನೆಯ ಸಂಗೀತ, ಬಣ್ಣದ ಅಕ್ಷರ. ಒಂದೊಂದೂ ಮೂರು ನಿಮಿಷದೊಳಗೆ.

ಮೇಡಂ ಎದೆಯ ಗಡಿಯಾರವನ್ನು ಮೇಲೆತ್ತಿ ನೋಡುತ್ತಿದ್ದರು. ನಾನು ಅವರ ಪಕ್ಕದಲ್ಲಿದ್ದೆ.

"ಎಷ್ಟಾಯ್ತು ಹೇಳು" ಅಂದರು.

"ಏನು ಮೇಡಂ?"

"ಕೈ ತೊಳೆದದ್ದು. ಒಂಬತ್ತು ಸೆಕೆಂಡು. ನಾನು ಅರವತ್ತು ತೊಳೆದಿದ್ದೆ."

ಮರುದಿನ ವೈಸ್ ಪ್ರಿನ್ಸಿಪಾಲರ ಕೋಣೆಗೆ ಹೋದರು. ಹಾಜರಿ ಪುಸ್ತಕ ಕೊಡಲು ಹೋಗಿದ್ದ ನಾನು ಬಾಗಿಲ ಬಳಿಯೇ ನಿಂತೆ.

"ಕಾಯೋದನ್ನೆಲ್ಲ ತೆಗೆದುಬಿಟ್ಟಿದ್ದಾರೆ ಮೇಡಂ. ಕಾಯೋದೂ ಕೆಲಸಾನೇ. ಹುಡುಗೀರು ಕಂಡಿದ್ದನ್ನ ಕಲೀತಾರೆ."

"ಧ್ವನಿಯಲ್ಲಿ ಹೇಳಿದ್ದೀನಲ್ಲ, ಸೂಕ್ತ ಅವಧಿಯವರೆಗೆ ಅಂತ. ಈಗಿನ ಮಕ್ಕಳು ಮೂರು ನಿಮಿಷಕ್ಕಿಂತ ಜಾಸ್ತಿ ನೋಡಲ್ಲ ರೀ. ಸುಮ್ನೆ ನಿಂತಿರೋದನ್ನ ಯಾರು ನೋಡ್ತಾರೆ?"

"ಸೂಕ್ತ ಅವಧಿ ಅಂದ್ರೆ ಎಷ್ಟು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

"ನೋಡೋಣ, ಕೆಳಗೆ ಒಂದು ಸಾಲು ಹಾಕಿಸ್ತೀನಿ."

ಸಾಲು ಬರಲಿಲ್ಲ. ಅದರ ಬದಲು ಹೊಸ ಟೈಮ್‌ಟೇಬಲ್ ಬಂತು. ವಾರಕ್ಕೆ ಮೂರು ದಿನ ಇದ್ದ ಲ್ಯಾಬು ಒಂದೇ ದಿನ ಆಯಿತು. ಉಳಿದದ್ದನ್ನು ವಿಡಿಯೋ ನೋಡಿ ಕಲಿಯಬೇಕು, ನೋಡಿದ್ದಕ್ಕೆ ಕಂಪ್ಯೂಟರೇ ಹಾಜರಿ ಹಾಕುತ್ತದೆ. ಸೋದರಮಾವ ವಾರದಲ್ಲಿ ಐದು ದಿನ ಹೊದಿಕೆ ಹೊದ್ದು ಮಲಗಿದ.

ಮೇಡಂ ಎರಡು ಪತ್ರ ಬರೆದರು. ಯಾವ ವಿಡಿಯೋದಲ್ಲಿ ಯಾವ ಹೆಜ್ಜೆ ಬಿಟ್ಟುಹೋಗಿದೆ ಅಂತ ಪಟ್ಟಿ ಮಾಡಿ ಲಗತ್ತಿಸಿದರು. ಎರಡಕ್ಕೂ ಉತ್ತರ ಬರಲಿಲ್ಲ. ಆ ಪಟ್ಟಿಯಲ್ಲಿ ಆರನೆಯದಾಗಿ ಮೂಗಿನ ಟ್ಯೂಬಿನ ಪಾಠವಿತ್ತು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನುಂಗಲಾಗದ ರೋಗಿಗೆ ಮೂಗಿನಿಂದ ಹೊಟ್ಟೆಗೆ ಸಣ್ಣ ಟ್ಯೂಬು ಇಳಿಸಿ, ಅದರ ಮೂಲಕ ತೆಳ್ಳಗಿನ ಆಹಾರ ಕೊಡುತ್ತೇವೆ. ಟ್ಯೂಬು ದಾರಿ ತಪ್ಪಿ ಶ್ವಾಸಕೋಶಕ್ಕೂ ಹೋಗಬಹುದು. ಅದಕ್ಕೇ ಆಹಾರ ಬಿಡುವ ಮೊದಲು ಸಿರಿಂಜಿನಲ್ಲಿ ಒಳಗಿನ ನೀರನ್ನು ಸ್ವಲ್ಪ ಎಳೆದು, ಒಂದು ಕಾಗದದ ಪಟ್ಟಿಯ ಮೇಲೆ ಹಾಕಿ, ಬಣ್ಣ ತಿರುಗುವವರೆಗೆ ಕಾಯಬೇಕು. ಹೊಟ್ಟೆಯ ಹುಳಿ ತಾಗಿದರೆ ಬಣ್ಣ ಬದಲಾಗುತ್ತದೆ. ಬದಲಾಗದಿದ್ದರೆ ಆಹಾರ ಕೊಡುವಂತಿಲ್ಲ, ಡಾಕ್ಟರನ್ನು ಕರೆಯಬೇಕು. ವಿಡಿಯೋದಲ್ಲಿ ಟ್ಯೂಬು ಇಳಿಯುತ್ತದೆ, ಕೈಗಳು ಮೂಗಿಗೆ ಅಂಟುಪಟ್ಟಿ ಹಾಕುತ್ತವೆ, ಮರುಕ್ಷಣ ಆಹಾರದ ಸಿರಿಂಜು ಎತ್ತಿ ಹಿಡಿಯುತ್ತವೆ. ನಡುವೆ ದನಿಯೊಂದು "ನಳಿಕೆಯ ಸ್ಥಾನವನ್ನು ದೃಢಪಡಿಸಿಕೊಳ್ಳತಕ್ಕದ್ದು" ಅನ್ನುತ್ತದೆ. ಆಗ ಪರದೆಯ ಮೇಲೆ ಕೈಗಳು ಅಂಟುಪಟ್ಟಿಯನ್ನು ಒತ್ತುತ್ತಿರುತ್ತವೆ. ನೋಡಿದವರು ಏನು ತಿಳಿಯಬೇಕು? ಒತ್ತಿ ದೃಢಪಡಿಸುವುದು ಅಂತಲೇ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ.

ಆ ಪಾಠದ ಲ್ಯಾಬಿಗೆ ನಮ್ಮ ತಂಡದ ಸರದಿ ಬರುವ ಮೊದಲೇ ವಾರ್ಡಿನ ಸರದಿ ಬಂತು.

ನನ್ನ ಗೆಳತಿಯೊಬ್ಬಳಿದ್ದಳು, ನಾವು ಗುಬ್ಬಿ ಅನ್ನುತ್ತಿದ್ದೆವು. ಗಿಡ್ಡ, ಸಪೂರ, ಎಲ್ಲರಿಗಿಂತ ಮುಂಚೆ ಬರುವವಳು, ಎಲ್ಲರಿಗಿಂತ ಚೆನ್ನಾಗಿ ಓದುವವಳು. ಆ ದಿನ ಬೆಳಗ್ಗೆ ಒಂಬತ್ತನೇ ಮಂಚದಲ್ಲಿ ಪಾರ್ಶ್ವವಾಯು ಹೊಡೆದ ನಿವೃತ್ತ ಶಾಲಾಮೇಷ್ಟ್ರು ಇದ್ದರು. ವಾರ್ಡಿನ ಸಿಸ್ಟರ್ ಗುಬ್ಬಿಯ ಪಕ್ಕದಲ್ಲೇ ನಿಂತು ಟ್ಯೂಬು ಹಾಕಿಸಿದರು. ಅಷ್ಟರಲ್ಲಿ ಎರಡನೇ ಮಂಚದವನಿಗೆ ಫಿಟ್ಸ್ ಬಂತು. "ನೀನು ಮುಂದುವರಿಸು, ಗೊತ್ತಲ್ಲ?" ಅಂದು ಸಿಸ್ಟರ್ ಓಡಿದರು.

"ಗೊತ್ತು ಸಿಸ್ಟರ್" ಅಂದಳು ಗುಬ್ಬಿ.

ಹತ್ತನೇ ಮಂಚದ ಹತ್ತಿರ ಇದ್ದವಳು ನಾನು. ಅವಳು ಅಂಟುಪಟ್ಟಿ ಒತ್ತಿದ್ದನ್ನು, ಸಿರಿಂಜು ಎತ್ತಿದ್ದನ್ನು ನೋಡಿದೆ. ಏನೋ ತಪ್ಪಾಗುತ್ತಿದೆ ಅಂತ ನನಗೆ ಅನ್ನಿಸಲೇ ಇಲ್ಲ. ಮೇಷ್ಟ್ರು ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ತುಟಿ ನೀಲಿಗಟ್ಟಿತು. ಗುಬ್ಬಿ ತಕ್ಷಣ ಸಿರಿಂಜು ಕೆಳಗಿಟ್ಟು ಕೂಗಿದಳು, ಸಿಸ್ಟರ್ ಬಂದು ಟ್ಯೂಬು ಎಳೆದರು. ಆಮೇಲೆ ಓಡಾಟ, ಆಕ್ಸಿಜನ್ನು, ಡಾಕ್ಟರು. ಮೇಷ್ಟ್ರು ಎಂಟು ದಿನ ಐಸಿಯುನಲ್ಲಿ ಒದ್ದಾಡಿ ಬದುಕಿದರು. ಆ ಎಂಟೂ ದಿನ ಗುಬ್ಬಿ ಐಸಿಯು ಬಾಗಿಲ ಹೊರಗಿನ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದಳು.

ಕಾಲೇಜು ಎಂಟು ದಿನ ಕಾಯಲಿಲ್ಲ. ಮೂರನೇ ದಿನವೇ ನೋಟೀಸು ಬೋರ್ಡಿನಲ್ಲಿ ಆದೇಶ ಅಂಟಿಸಿದರು. ವಿದ್ಯಾರ್ಥಿನಿಯ ಸಂಪೂರ್ಣ ನಿರ್ಲಕ್ಷ್ಯದಿಂದ ರೋಗಿಯ ಜೀವಕ್ಕೆ ಅಪಾಯ, ಆರು ತಿಂಗಳು ಅಮಾನತು, ಅಂತಿಮ ತೀರ್ಮಾನ ವಿಚಾರಣಾ ಸಮಿತಿಯದು. ಸಹಿ ವೈಸ್ ಪ್ರಿನ್ಸಿಪಾಲರದು.

ಅಂದು ಸಂಜೆ ನಾನೂ ಗುಬ್ಬಿಯೂ ಗಡಿಯಾರದ ಮೇಡಂ ಮನೆಗೆ ಹೋದೆವು. ಬಸ್ ಡಿಪೋ ಹಿಂದಿನ ಸಾಲುಮನೆಗಳಲ್ಲೊಂದು, ಎರಡು ಕೋಣೆ. ಅವರ ಯಜಮಾನರು ಸಿಟಿ ಬಸ್ಸಿನ ಡ್ರೈವರು. ಡ್ಯೂಟಿ ಮುಗಿಸಿ ಬಂದು ಕಾಲು ನೀಡಿ ಕೂತಿದ್ದರು. ಅತ್ತೆ ಕಿಟಕಿ ಬಳಿ ಬಟ್ಟೆ ಮಡಚುತ್ತಿದ್ದರು.

ಮೇಡಂ ಗುಬ್ಬಿಯನ್ನು ನೋಡಿ, "ಬನ್ನಿ. ಕೂತ್ಕೊಳ್ಳಿ" ಅಂದರು.

"ಒಂದೇ ಪ್ರಶ್ನೆ ಕೇಳ್ತೀನಿ. ಕಾಗದ ಹಾಕಿ ಯಾಕೆ ನೋಡಲಿಲ್ಲ?"

ಗುಬ್ಬಿ ಅಳಲಿಲ್ಲ. ಅತ್ತು ಅತ್ತು ಬತ್ತಿಹೋಗಿದ್ದಳು. ಚೀಲದಿಂದ ನೋಟ್‌ಬುಕ್ಕು ತೆಗೆದು ಮುಂದಿಟ್ಟಳು. ಆ ವಿಡಿಯೋವನ್ನು ಹನ್ನೊಂದು ಸಲ ನೋಡಿದ್ದಳು. ಕೈಗಳು ಎಲ್ಲಿವೆ, ಹೆಬ್ಬೆರಳು ಯಾವ ಕಡೆ, ಸಿರಿಂಜು ಎಷ್ಟು ಎತ್ತರ ಎಂದೆಲ್ಲ ಒಂದೊಂದು ಹೆಜ್ಜೆಗೂ ಪೆನ್ಸಿಲಿನಲ್ಲಿ ಚಿತ್ರ ಬರೆದಿದ್ದಳು. ಮೇಡಂ ಹೇಳಿಕೊಟ್ಟ ಹಾಗೇ. ಇಪ್ಪತ್ತೆರಡು ಚಿತ್ರ. ಅಂಟುಪಟ್ಟಿ ಹದಿನಾರನೆಯದು, ಆಹಾರ ಹದಿನೇಳನೆಯದು.

"ನಿಮ್ಮ ಕೈ ಏನು ಮಾಡಿತೋ ಅದನ್ನೇ ಮಾಡಿದೆ ಮೇಡಂ" ಅಂದಳು. "ನಿಮ್ಮ ಕೈ ತಪ್ಪು ಮಾಡಲ್ಲ ಅಂದ್ಕೊಂಡಿದ್ದೆ."

ಮೇಡಂ ಹದಿನಾರನೇ ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. ಉಗುರಿನ ಬಳಿ ಅವರಿಗಿದ್ದ ಹಳೇ ಸುಟ್ಟ ಕಲೆಯನ್ನೂ ಗುಬ್ಬಿ ಬಿಡದೆ ಬರೆದಿದ್ದಳು. ಆಮೇಲೆ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿದ್ದ ಸದ್ದಾಯಿತು. ಬಿದ್ದದ್ದೋ ಎಸೆದದ್ದೋ ಗೊತ್ತಿಲ್ಲ.

"ಸುಮ್ನಿರೋದು ಒಳ್ಳೇದು ಕಣೆ" ಅಂದರು ಯಜಮಾನರು, ಮೇಡಂ ಹೊರಗೆ ಬಂದ ಮೇಲೆ. "ನಿನ್ನ ತಲೆಗೇ ಕಟ್ಟಿಬಿಟ್ಟಾರು. ಕೈ ನಿನ್ನದು ತಾನೇ?"

"ಹೌದು ರೀ, ನಂದೇ. ಅದಕ್ಕೇ ಸುಮ್ನಿರೋಕಾಗಲ್ಲ."

ಅತ್ತೆ ಬಟ್ಟೆಯಿಂದ ತಲೆ ಎತ್ತಲಿಲ್ಲ. "ಅವಳ ಪಾಡಿಗೆ ಅವಳನ್ನ ಬಿಡೋ" ಅಂತ ಮಗನಿಗೆ ಹೇಳಿದರು. "ಈ ಹುಡುಗಿ ಮುಖ ನೋಡು ಒಂದು ಸಲ."

ಎರಡು ದಿನ ಬಿಟ್ಟು ನಾವು ಮೂವರೂ ಕ್ಯಾಮೆರಾದವರ ಅಂಗಡಿಗೆ ಹೋದೆವು. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಕೋಣೆ, ಗೋಡೆ ತುಂಬ ನವದಂಪತಿಗಳ ನಗು. ಮೇಡಂ ವಿಷಯ ಹೇಳಿದಾಗ ಅವರು ಕುರ್ಚಿಯಿಂದ ಎದ್ದುಬಿಟ್ಟರು.

"ಪೇಪರಿನಲ್ಲಿ ಓದಿದೆ. ನಮ್ಮ ವಿಡಿಯೋದಿಂದ ಅಂತ ಗೊತ್ತಿರಲಿಲ್ಲ ಮೇಡಂ."

"ಯಾಕೆ ಕತ್ತರಿಸಿದ್ರಿ?"

"ನಂಗೇನು ಗೊತ್ತು ಅದರಲ್ಲಿ ಯಾವುದು ಮುಖ್ಯ ಅಂತ? ನಿಂತಿರೋದು, ಕಾಯೋದು ಎಲ್ಲ ತೆಗೀರಿ, ಮೂರು ನಿಮಿಷ ದಾಟಬಾರದು ಅಂದ್ರು. ಇದೊಂದು ಕಾಗದದ ತುಣುಕನ್ನ ಇಟ್ಟುಕೊಳ್ಳಲಾ ಅಂತ ನಾನು ಕೇಳಿದ್ದೆ ಕೂಡ. ಬೇಡ, ನಾನು ಬಾಯಲ್ಲಿ ಹೇಳ್ತೀನಿ ಅಂದ್ರು."

"ಪೂರ್ತಿ ತೆಗೆದದ್ದು ಇದೆಯಾ?"

"ನಾನು ಯಾವುದನ್ನೂ ಅಳಿಸಲ್ಲ. ಮದುವೆಯವರು ಹತ್ತು ವರ್ಷ ಆದ ಮೇಲೂ ಬಂದು ಕೇಳ್ತಾರೆ."

ಕತ್ತರಿಸದ ವಿಡಿಯೋವನ್ನು ಅಲ್ಲೇ ಕೂತು ನೋಡಿದೆವು. ಮೇಡಂ ಕೈ ನೀರು ಎಳೆಯುತ್ತದೆ, ಕಾಗದದ ಮೇಲೆ ಹನಿ ಹಾಕುತ್ತದೆ, ಕಾಗದವನ್ನು ಕ್ಯಾಮೆರಾ ಕಡೆ ಹಿಡಿದು ಅಲುಗಾಡದೆ ನಿಲ್ಲುತ್ತದೆ. ಬೇಡ ಅಂದರೂ ಬಾಯಿ ತಡೆಯದೆ ಅವರು ಪಿಸುಗುಟ್ಟಿದ್ದೂ ಕೇಳಿಸಿತು: "ಕಾಯು, ಕಾಯು, ಅವಸರ ಮಾಡಬೇಡ." ಗುಬ್ಬಿ ಆಗ ಅತ್ತಳು.

ವಿಚಾರಣೆಗೆ ಮೇಡಂಗೆ ಕರೆ ಬಂದಿರಲಿಲ್ಲ. ಬೋಧಕ ವರ್ಗದವರಲ್ಲ ಅನ್ನೋದು ಕಾರಣ. ನನ್ನನ್ನು ಸಾಕ್ಷಿ ಅಂತ ಕರೆದಿದ್ದರು, ಹಾಗಾಗಿ ನಡೆದದ್ದೆಲ್ಲ ಕಣ್ಣಾರೆ ಕಂಡೆ. ಉದ್ದನೆಯ ಮೇಜು. ಅದರ ತುದಿಯಲ್ಲಿ ಪ್ರಿನ್ಸಿಪಾಲರು, ಪಕ್ಕದಲ್ಲಿ ವೈಸ್ ಪ್ರಿನ್ಸಿಪಾಲರು, ಆಸ್ಪತ್ರೆಯ ಒಬ್ಬ ಡಾಕ್ಟರು, ಇನ್ನೊಂದು ಬದಿಯಲ್ಲಿ ಆ ಮೇಷ್ಟರ ಮಗಳು. ಗುಬ್ಬಿಗೆ ಕೂರಲು ಯಾರೂ ಹೇಳಿರಲಿಲ್ಲ, ಅವಳು ನಿಂತೇ ಇದ್ದಳು. ಆದೇಶವನ್ನು ಓದಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆಯಿತು. ಗಡಿಯಾರದ ಮೇಡಂ, ಕೈಯಲ್ಲಿ ಲ್ಯಾಪ್‌ಟಾಪು. ಅದು ಕ್ಯಾಮೆರಾದವರದು.

"ಈ ಸಭೆಗೆ ನಿಮ್ಮನ್ನ ಕರೆದಿಲ್ಲ" ಅಂದರು ವೈಸ್ ಪ್ರಿನ್ಸಿಪಾಲರು.

"ಗೊತ್ತು ಮೇಡಂ. ತಾವು ಕರೆಯಲಿಲ್ಲ ಅಂತ ನಾನೇ ಬಂದೆ."

ತಾವು ಅನ್ನುವುದನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಮೊದಲು ಕಾಲೇಜಿನ ವಿಡಿಯೋ ಹಾಕಿದರು. ಆಮೇಲೆ ಕತ್ತರಿಸದ್ದು. ಕಾಗದ ಹಿಡಿದು ನಿಂತ ಕೈಗಳು ಪರದೆಯ ಮೇಲೆ ಹಾಗೇ ನಿಂತಿದ್ದವು. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

"ಧ್ವನಿಯಲ್ಲಿ ಸ್ಪಷ್ಟವಾಗಿ ಹೇಳಿದೆ" ಅಂದರು ವೈಸ್ ಪ್ರಿನ್ಸಿಪಾಲರು. "ದೃಢಪಡಿಸಿಕೊಳ್ಳತಕ್ಕದ್ದು ಅಂತ. ಕೇಳಿಸಿಕೊಳ್ಳದಿದ್ದದ್ದು ಅವಳ ತಪ್ಪು."

"ಕೇಳಿಸಿಕೊಂಡಿದ್ದಾಳೆ. ದನಿ ಹೇಳಿದಾಗ ಕಣ್ಣಿಗೆ ಏನು ಕಂಡಿತು? ನನ್ನ ಕೈ ಅಂಟುಪಟ್ಟಿ ಒತ್ತಿದ್ದು ಕಂಡಿತು. ಹನ್ನೊಂದು ಸಲ ನೋಡಿದ್ದಾಳೆ, ಹನ್ನೊಂದು ಸಲವೂ ಅದೇ ಕಂಡಿದೆ. ಕಣ್ಣು, ಕಿವಿ ಕೂಡಿಸಿ ಕಲಿಸ್ತೀವಿ ಅಂದ್ರಲ್ಲ ಮೇಡಂ ತಾವು, ಕಣ್ಣಿಗೊಂದು ಕಿವಿಗೊಂದು ಕೊಟ್ರೆ ಆ ಮಗು ಯಾವುದನ್ನ ನಂಬಬೇಕು? ಎರಡು ಪತ್ರ ಬರೆದಿದ್ದೆ. ಆರನೇ ಸಾಲು ಓದಿ."

"ಅದು ಆಡಳಿತದ ವಿಷಯ, ಇಲ್ಲಿ ಬೇಡ."

"ಇಲ್ಲೇ ಬೇಕು. ಬೇರೆ ಎಲ್ಲಿ?" ದನಿ ಏರಲಿಲ್ಲ. "ವಾರಕ್ಕೆ ಮೂರು ದಿನದ ಲ್ಯಾಬನ್ನ ಒಂದು ದಿನ ಮಾಡಿದವರು ಯಾರು? ಬೊಂಬೆ ಮೇಲೂ ಒಂದು ಸಲ ಮಾಡದ ಹುಡುಗಿ ಮನುಷ್ಯರ ಮೂಗಿಗೆ ಟ್ಯೂಬು ಹಾಕಬೇಕಾಗಿ ಬಂದದ್ದು ಯಾರ ನಿರ್ಲಕ್ಷ್ಯ? ಆದೇಶದಲ್ಲಿ ಸಂಪೂರ್ಣ ಅಂತ ಬರೆದಿದ್ದೀರಿ. ಸಂಪೂರ್ಣ ಅವಳದು ಅಂದ್ರೆ ನಮಗೆ ಯಾರಿಗೂ ಒಂದು ಚೂರೂ ಇಲ್ಲ ಅಂತಾಯ್ತು."

ಪ್ರಿನ್ಸಿಪಾಲರು ಆದೇಶದ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಕೈ ನನ್ನದು" ಅಂದರು ಮೇಡಂ. "ಅವಳಿಗೆ ಶಿಕ್ಷೆ ಕೊಡೋದಾದ್ರೆ ಕೊಡಿ, ಒಬ್ಬರ ಜೀವದ ಮಾತು ಅದು. ಕೆಳಗೆ ನನ್ನ ಹೆಸರೂ ಬರೀರಿ. ಅದರ ಕೆಳಗೆ ದನಿ ಯಾರದು ಅಂತಾನೂ ಬರೀರಿ."

ಆಗ ಮೇಷ್ಟರ ಮಗಳು ಬಾಯಿ ತೆರೆದರು. "ನಮ್ಮಪ್ಪನ್ನ ನೋಡೋಕೆ ಇಷ್ಟು ದಿನ ಈ ಹುಡುಗಿ ಒಬ್ಬಳೇ ಬಂದಳು. ನಿಮ್ಮಲ್ಲಿ ಯಾರೂ ಬರಲಿಲ್ಲ. ನಂಗೆ ಇವಳ ಮೇಲೂ ಕೋಪ ಇದೆ, ಇಲ್ಲ ಅನ್ನಲ್ಲ. ಆದ್ರೆ ಇವಳಿಗೆ ಹೀಗೆ ಕಲಿಸಿದವರು ಯಾರು ಅಂತ ನಂಗೆ ಬರವಣಿಗೆಯಲ್ಲಿ ಬೇಕು."

ಪೆನ್ನಿನ ಮುಚ್ಚಳದ ಸದ್ದು ನಿಂತಿತು.

ಇಷ್ಟಾದ ಮೇಲೆ ನ್ಯಾಯ ಸಿಕ್ಕಿತು ಅಂತ ಹೇಳಲು ನನಗೂ ಆಸೆ. ಸಿಕ್ಕಿದ್ದು ಇಷ್ಟು: ಅಮಾನತು ಆರು ತಿಂಗಳಿಂದ ಎರಡು ತಿಂಗಳಿಗೆ ಇಳಿಯಿತು. ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು, ಗುಬ್ಬಿ ಕಿರಿಯರ ಜೊತೆ ಕೂತು ಬರೆದಳು. ಆ ವಿಡಿಯೋವನ್ನು ತಾಂತ್ರಿಕ ಕಾರಣದಿಂದ ತೆಗೆಯಲಾಗಿದೆ ಅಂತ ಒಂದು ಸಾಲಿನ ಸೂಚನೆ ಬಂತು. ಮೇಷ್ಟರ ಮಗಳಿಗೆ ಹೋದ ಪತ್ರದಲ್ಲಿ ವಿಷಾದ ಇತ್ತು, ಉತ್ತರ ಇರಲಿಲ್ಲ. ಲ್ಯಾಬು ಮತ್ತೆ ಮೂರು ದಿನ ಆಯಿತು, ಯಾಕೆ ಅಂತ ಯಾರೂ ಹೇಳಲಿಲ್ಲ. ಗಡಿಯಾರದ ಮೇಡಂಗೆ ಮಾತ್ರ ಕಾರಣ ಕೇಳಿ ನೋಟೀಸು ಬಂತು: ಸಂಸ್ಥೆಯ ಸ್ವತ್ತಾದ ದೃಶ್ಯಗಳನ್ನು ಅನುಮತಿಯಿಲ್ಲದೆ ಪಡೆದದ್ದೇಕೆ? ಅವರು ಒಂದೇ ವಾಕ್ಯದ ಉತ್ತರ ಕೊಟ್ಟರು. "ಅದರಲ್ಲಿರುವ ಕೈ ನನ್ನ ಸ್ವತ್ತು." ಒಂದು ವರ್ಷದ ಸಂಬಳದ ಬಡ್ತಿ ತಡೆಹಿಡಿದರು. ಅದೇ ವರ್ಷ ವೈಸ್ ಪ್ರಿನ್ಸಿಪಾಲರು ಡಿಜಿಟಲ್ ಕಲಿಕೆಯ ಬಗ್ಗೆ ಭಾಷಣ ಮಾಡಲು ಮೂರು ಕಡೆ ಹೋಗಿ ಬಂದರು. ಕಾಲೇಜಿನ ಫಲಕದಲ್ಲಿ ಆ ಭಾಷಣಗಳ ಚಿತ್ರ ನೋಡಿದಾಗಲೆಲ್ಲ ನಮಗೆ ಮೈ ಉರಿಯುತ್ತಿತ್ತು.

ಇನ್ನುಳಿದ ಹದಿನೇಳು ವಿಡಿಯೋ ಇನ್ನೂ ಇದ್ದವಲ್ಲ. ಅದನ್ನು ಮೇಡಂ ಮರೆಯಲಿಲ್ಲ. ಒಂದು ದಿನ ಲ್ಯಾಬಿನಲ್ಲಿ, "ಫೋನ್ ಇದೆಯಾ ಯಾರ ಹತ್ರಾದ್ರೂ?" ಅಂತ ಕೇಳಿದರು. ಮೂವತ್ತು ಫೋನು ಹೊರಗೆ ಬಂದವು.

ಹಾಗೆ ನಾವೇ ಶುರುಮಾಡಿದೆವು. ಮೇಡಂ ಕೈ, ಮೇಡಂ ದನಿ, ಅದೇ ಮನೆಮಾತು. ಎಲ್ಲಿ ತಪ್ಪುತ್ತದೆ ಅಂತ ತೋರಿಸಲು ನಾವು ಬೇಕಂತಲೇ ತಪ್ಪು ಮಾಡುವುದು, ಅವರು ತಡೆಯುವುದು. ಕ್ಯಾಮೆರಾ ಮುಂದೆ ಬಾಯಿ ಕಟ್ಟುವ ಹುಡುಗಿಯೊಬ್ಬಳು ಮಾತಿನ ಬದಲು ದೊಡ್ಡ ಹಾಳೆಗಳಲ್ಲಿ ಚಿತ್ರ ಬರೆದಳು, ಟ್ಯೂಬು ಒಳಗೆ ಎಲ್ಲೆಲ್ಲಿ ಹೋಗುತ್ತದೆ ಅಂತ. ಇನ್ನೊಬ್ಬಳು ಸರಿಯಾದ ಉಸಿರಿನ ಸದ್ದು, ಕೆಟ್ಟ ಉಸಿರಿನ ಸದ್ದು ಎರಡನ್ನೂ ರೆಕಾರ್ಡ್ ಮಾಡಿ ಸೇರಿಸಿದಳು. ಕ್ಯಾಮೆರಾದವರು ಬಿಡುವಿದ್ದಾಗ ಬಂದು ಜೋಡಿಸಿಕೊಟ್ಟರು. ಯಾವುದನ್ನೂ ಮೇಡಂ ಒಪ್ಪಿಗೆ ಇಲ್ಲದೆ ಕತ್ತರಿಸಲಿಲ್ಲ. ಕೈ ತೊಳೆಯುವುದು ಒಂದು ನಿಮಿಷ ಅಂದರೆ ಒಂದು ನಿಮಿಷ. ಮೂಗಿನ ಟ್ಯೂಬಿನದನ್ನು ಗುಬ್ಬಿಯೇ ಮಾಡಬೇಕು ಅಂತ ಮೇಡಂ ಹಟ ಹಿಡಿದರು. ಅವಳ ಕೈ ಮೊದಲು ಏಳಲೇ ಇಲ್ಲ. ಮೂರು ಮಧ್ಯಾಹ್ನ ಸೋದರಮಾವನ ಮುಂದೆ ನಿಂತು ವಾಪಸ್ಸು ಹೋದಳು. ನಾಲ್ಕನೆಯ ದಿನ ಮಾಡಿದಳು.

ಕಾಲೇಜು ಅವನ್ನು ತನ್ನ ಜಾಲತಾಣಕ್ಕೆ ಹಾಕಲಿಲ್ಲ. ಗುಣಮಟ್ಟ ಸಾಲದು, ಹಿನ್ನೆಲೆಯಲ್ಲಿ ನಗು ಕೇಳಿಸುತ್ತದೆ ಅಂದರು. ಫೋನಿನಿಂದ ಫೋನಿಗೆ ಹೋದವು. ಬೇರೆ ಕಾಲೇಜಿನ ಹುಡುಗಿಯೊಬ್ಬಳು ಒಮ್ಮೆ ಮೇಡಂಗೆ ಕರೆ ಮಾಡಿ, ನಡುವೆ ವಿಡಿಯೋ ನಿಂತುಹೋಗುತ್ತೆ, ಕಾಗದ ಹಿಡಿದ ಕೈ ಅಲ್ಲಾಡೋದೇ ಇಲ್ಲ, ಏನು ಮಾಡಬೇಕು ಅಂತ ಕೇಳಿದಳಂತೆ. "ನಿಂತಿಲ್ಲ ಕಣಮ್ಮ, ನೋಡ್ತಾ ಇರು" ಅಂದರಂತೆ ಇವರು.

ಗುಬ್ಬಿ ಈಗ ಐಸಿಯು ನರ್ಸು, ನಾನೂ ಅದೇ ಆಸ್ಪತ್ರೆಯಲ್ಲಿದ್ದೇನೆ. ಹೊಸಬರಿಗೆ ಅವಳು ಕಲಿಸುವುದನ್ನು ನೋಡಿದರೆ ಯಾರ ಶಿಷ್ಯೆ ಅಂತ ಕೇಳಬೇಕಾಗಿಲ್ಲ. ಆದರೆ ಅವಳ ಕಾಲೇಜಿನ ಕಡತದಲ್ಲಿ ಆ ಸಾಲು ಹಾಗೇ ಇದೆ, ಸಂಪೂರ್ಣ ನಿರ್ಲಕ್ಷ್ಯ ಅನ್ನೋದು. ಎರಡು ಕಡೆ ಕೆಲಸಕ್ಕೆ ಅರ್ಜಿ ಹಾಕಿದಾಗ ಅದೇ ಸಾಲು ಅಡ್ಡ ಬಂತು. ಆ ಸಂಪೂರ್ಣ ಅನ್ನುವ ಒಂದು ಪದವನ್ನಾದರೂ ತೆಗೆಯಿರಿ ಅಂತ ಗಡಿಯಾರದ ಮೇಡಂ ವರ್ಷಕ್ಕೊಂದು ಪತ್ರ ಬರೆಯುತ್ತಾರೆ. ನಿವೃತ್ತರಾದ ಮೇಲೂ ನಿಲ್ಲಿಸಿಲ್ಲ. ಕಳೆದ ತಿಂಗಳು ಆರನೆಯದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು.

"ಸಾಕು ಬಿಡಿ ಮೇಡಂ, ನಂಗೆ ಕೆಲಸ ಸಿಕ್ಕಿದೆಯಲ್ಲ" ಅಂತ ಗುಬ್ಬಿಯೇ ಹೇಳಿದಳು.

"ನೀವು ಸುಮ್ನಿರಿ" ಅಂದರು ಮೇಡಂ. ಅವರು ನೀವು ಅಂದರಲ್ಲ, ಗುಬ್ಬಿ ಆಮೇಲೆ ಆ ವಿಷಯ ಎತ್ತಲಿಲ್ಲ.